ಕಲ್ಲು ಮಣ್ಣಾಗುವದೂ ಮಣ್ಣು ಕೊಚ್ಚಿಹೋಗುವದೂ
(ಕೋಲಾರ ಸೀಮೆಯ ಒಕ್ಕಲು ಮಕ್ಕಳಿಗೆ ಒಂದು ಪಾಠ)



ಬಲವಾದ ಮಳೆ ಸುರಿದು ನಿಂತ ಮೇಲೆ ನಿಮ್ಮ ಊರ ಹಳ್ಳಕ್ಕೆ ಹೋಗಿ ಒಂದು ಚೊಂಬು ನೀರನ್ನು ಮೊಗೆದು ತಂದು, ಜಗಲಿಯ ಮೇಲಿಟ್ಟು, ಮರುದಿನ ಬೆಳಿಗ್ಗೆ ನೋಡಿರಿ. ಮೇಲೆ ತಿಳಿಯಾದ ನೀರು ನಿಂತಿರುವದು. ತಳದಲ್ಲಿ ನುಣುಪಾದ ಕೆಂಪು ಕೆಸರು ಕೂತಿರುವದು. ಆ ಕೆಸರು ಯಾರದು? ಅದು ದಿಣ್ಣೆಯ ಮೇಲಣ ಹೊಲದ್ದು; ನಿನ್ನೆಯ ವರೆಗೆ ರಾಗಿಯ ಬೇರನ್ನು ಸಾಕುತ್ತಿದ್ದ ಮಣ್ಣು. ರಾತ್ರಿಯಲ್ಲಿ ಕಳ್ಳನು ಬಂದು ಹಗೇವನ್ನು ತೆರೆದು ರಾಗಿಯನ್ನು ಹೊತ್ತುಕೊಂಡು ಹೋದರೆ ಊರೆಲ್ಲಾ ಎದ್ದು ಕೂಗುವದು. ಆದರೆ ಹಗೇವನ್ನು ತುಂಬಿಸುವ ಮಣ್ಣನ್ನೇ ಮಳೆಯ ನೀರು ಹಾಡುಹಗಲಲ್ಲಿ ಹೊತ್ತುಕೊಂಡು ಹೋಗುವಾಗ ನಾವು ಜಗಲಿಯ ಮೇಲೆ ಕೂತು, “ಒಳ್ಳೆಯ ಮಳೆ ಬಂತು” ಎಂದು ಸಂತೋಷಪಡುತ್ತೇವೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಿಗೆ ವರುಷವಿಡೀ ಹರಿಯುವ ಹೊಳೆಯಿಲ್ಲ. ವರುಷಕ್ಕೆ ಸುಮಾರು ೭೦ ರಿಂದ ೭೫ ಸೆಂಟಿಮೀಟರು ಮಳೆ, ಕೆಂಪು ಮಣ್ಣು, ಊರ ಕೆರೆ ಇವು ಮೂರೇ ಇಲ್ಲಿಯ ಒಕ್ಕಲಿಗನ ಮೂಲಧನ. ಇವುಗಳಲ್ಲಿ ಮಳೆಯು ನಮ್ಮ ಕೈಯಲ್ಲಿಲ್ಲ. ಮಣ್ಣೂ ಕೆರೆಯೂ ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ಆದದರಿಂದ ಮಣ್ಣು ಹೇಗೆ ಹುಟ್ಟುತ್ತದೆ, ಹೇಗೆ ಹೋಗುತ್ತದೆ, ಅದನ್ನು ನಿಲ್ಲಿಸುವ ಬಗೆ ಯಾವದು ಎಂಬದನ್ನು ಈ ಪಾಠದಲ್ಲಿ ಕ್ರಮವಾಗಿ ನೋಡೋಣ.

೧. ಮಣ್ಣಿನ ತಾಯಿ ಕಲ್ಲು

ಮುಳಬಾಗಿಲಿನ ಬೆಟ್ಟ, ಆವಣಿಯ ಬೆಟ್ಟ, ಮಾಲೂರು ತಾಲ್ಲೂಕಿನ ಟೇಕಲ್ ಗುಡ್ಡಗಳು, ಕೋಲಾರದ ಶತಶೃಂಗ ಪರ್ವತ ಇವುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಇವುಗಳ ಕಲ್ಲು ಸುಮಾರು ೨೫೦ ಕೋಟಿ ವರುಷಗಳಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಹಳೆಯದೆಂದು ಭೂಶಾಸ್ತ್ರಜ್ಞರು ಎಣಿಸಿದ್ದಾರೆ. ಹೊಸದಾಗಿ ಒಡೆದ ಒಂದು ಚೂರನ್ನು ಬಿಸಿಲಿಗೆ ಹಿಡಿದು ನೋಡಿದರೆ ಅದರಲ್ಲಿ ಮೂರು ಬಗೆಯ ಹರಳುಗಳು ಕಾಣುವವು: ಗಾಜಿನಂತಿರುವ ಬೆಣಚು, ಬಿಳಿ ಅಥವಾ ನಸುಗೆಂಪು ಬಣ್ಣದ ಫೆಲ್ಸ್‌ಪಾರ್, ಮಿರಮಿರನೆ ಹೊಳೆಯುವ ಕಾಗೆಬಂಗಾರ. ಈ ಮೂರೂ ಒಂದನ್ನೊಂದು ಬಿಗಿಯಾಗಿ ಹಿಡಿದಿರುವ ವರೆಗೆ ಅದು ಕಲ್ಲು. ಹಿಡಿತ ಬಿಟ್ಟರೆ ಅದೇ ಮಣ್ಣಿನ ಮೊದಲು.

ಹಿಡಿತವನ್ನು ಬಿಡಿಸುವವರು ಯಾರು? ಮೊದಲನೆಯದಾಗಿ ಬಿಸಿಲೆಂದು ಎಲ್ಲರೂ ಹೇಳುವರು. ಹಿಂದೆ ಕಲ್ಲುಕೆಲಸದವರು ಹಾಸುಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಹಾಕಿ, ಅದನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತಾ ಚಪ್ಪಡಿ ಎಬ್ಬಿಸುತ್ತಿದ್ದರು; ಕಾದ ಮೇಲ್ಪದರವು ಹಿಗ್ಗಿ ಅಡಿಯ ತಣ್ಣನೆಯ ಕಲ್ಲಿನಿಂದ ಬಿಟ್ಟುಕೊಳ್ಳುತ್ತಿತ್ತು. ಆದರೆ ಬಿಸಿಲಿನ ಕಾವು ಬೆಂಕಿಯ ಕಾವಿನಷ್ಟಿಲ್ಲ. ೧೯೩೬ ರಲ್ಲಿ ಅಮೇರಿಕದ ಗ್ರಿಗ್ಸ್ ಎಂಬ ಶಾಸ್ತ್ರಜ್ಞರು ಹೊಳಪು ಮಾಡಿದ ಗ್ರಾನೈಟಿನ ತುಂಡೊಂದನ್ನು ೮೯,೪೦೦ ಸಾರಿ ಕಾಯಿಸಿ ಆರಿಸಿದರು. ಇದು ೨೪೪ ವರುಷಗಳ ಹಗಲು ರಾತ್ರಿಗಳಿಗೆ ಸಮ. ಒಣ ಗಾಳಿಯಲ್ಲಿ ಆರಿಸಿದಾಗ ಕಲ್ಲಿಗೆ ಏನೂ ಆಗಲಿಲ್ಲ. ನೀರು ಎರಚಿ ಆರಿಸಿದಾಗಲಾದರೋ ಸ್ವಲ್ಪ ಕಾಲದಲ್ಲಿಯೇ ಹೊಳಪು ಕೆಟ್ಟು, ಬಿರುಕು ಕಂಡಿತು. ಬಿಸಿಲು ಸಹಾಯಕ್ಕಿದ್ದರೂ ಕಲ್ಲನ್ನು ಗೆಲ್ಲುವದು ನೀರೇ ಎಂದು ಇದರಿಂದ ತಿಳಿಯುತ್ತದೆ.

ನೀರು ಗೆಲ್ಲುವದು ಹೇಗೆಂದರೆ, ಸೋಡಾ ಬುಡ್ಡಿಯಲ್ಲಿ ಉಕ್ಕುವ ಇಂಗಾಲಾಮ್ಲ ವಾಯುವು ಗಾಳಿಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಬೇರುಗಳಿರುವ ನೆಲದಲ್ಲಿಯೂ ಉಂಟು. ಅದನ್ನು ಹೀರಿದ ಮಳೆಯ ನೀರು ಸ್ವಲ್ಪ ಹುಳಿಯಾಗಿ ಬಂಡೆಯ ಸೀಳುಗಳಲ್ಲಿ ಇಳಿಯುತ್ತದೆ. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬರುವ ನೀರು ಹೀಗೆ ಬೆಟ್ಟದ ಸೀಳುಗಳಲ್ಲಿ ಇಳಿದು ಬಂದದ್ದೇ. ಆ ಹುಳಿಯು ಫೆಲ್ಸ್‌ಪಾರನ್ನು ಕರಗಿಸಿ ಜೇಡಿಯಾಗಿ ಮಾಡುತ್ತದೆ. ಕಲ್ಲಿನಲ್ಲಿರುವ ಕಬ್ಬಿಣದ ಅಂಶವು ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣವನ್ನು ಕೊಡುತ್ತದೆ. ಕರಗದ ಬೆಣಚು ಮರಳಾಗಿ ಉಳಿಯುತ್ತದೆ. ನಮ್ಮ ಹೊಲದ ಕೆಂಪು ಮರಳುಮಣ್ಣು ಅಂದರೆ ಇಷ್ಟೇ: ಜೇಡಿ, ತುಕ್ಕು, ಮರಳು.

ಬಂಡೆಯ ಮೇಲೆ ಬಂಡೆ ಕೂತಿರುವದನ್ನು ನೋಡಿ ಇದನ್ನು ಎತ್ತಿ ಇಟ್ಟವರು ಯಾರೆಂದು ಮಕ್ಕಳು ಕೇಳುತ್ತಾರೆ. ಯಾರೂ ಎತ್ತಿ ಇಡಲಿಲ್ಲ. ಅವು ಒಂದು ಕಾಲದಲ್ಲಿ ನೆಲದೊಳಗೆ ಒಂದೇ ಬಂಡೆಯಾಗಿದ್ದು, ಅಡ್ಡಕ್ಕೂ ಉದ್ದಕ್ಕೂ ಸೀಳಿದ್ದವು. ಸೀಳುಗಳಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ಕೊಳೆಯಿಸಿತು. ಒಳಗೆ ಗಟ್ಟಿಯಾದ ಗುಂಡುಗಳು ಉಳಿದವು. ಆ ಮೇಲೆ ಸುತ್ತಲಿನ ಸಡಿಲು ಮಣ್ಣು ತೊಳೆದುಹೋಗಿ ಗುಂಡುಗಳು ಮಾತ್ರ ಒಂದರ ಮೇಲೊಂದು ಕೂತವು. ಹಾಗಾದರೆ ಆ ಬೆಟ್ಟಗಳು ಮಣ್ಣನ್ನು ಕಳೆದುಕೊಂಡ ನೆಲಗಳೇ. ಕಾಪಾಡದ ಹೊಲದ ಕಡೆಯ ಗತಿಯನ್ನು ಅವು ದೂರದಿಂದ ತೋರಿಸುತ್ತವೆ.

ಹೊಸ ಬಾವಿಯನ್ನು ತೋಡುವಾಗ ಅಂಚಿನಲ್ಲಿ ನಿಂತು ನೋಡಿದರೆ ಈ ಸಂಗತಿಯೆಲ್ಲಾ ಕಣ್ಣಿಗೆ ಕಾಣುವದು. ಮೇಲೆ ಒಂದು ಮೊಳ ಅಥವಾ ಎರಡು ಮೊಳ ಮಣ್ಣು. ಅದರ ಕೆಳಗೆ ಗರಸು. ಅದರ ಕೆಳಗೆ ಹಾರೆಗೆ ಪುಡಿಯಾಗುವ ಮೆತ್ತನೆಯ ಕಲ್ಲು. ಕಡೆಗೆ ಮದ್ದಿಗೆ ಮಾತ್ರ ಬಗ್ಗುವ ಬಂಡೆ. ಬಂಡೆಯಿಂದ ಮೇಲಿನ ಮಣ್ಣಿನ ವರೆಗೆ ಬರುವದಕ್ಕೆ ಹಿಡಿದ ಕಾಲವನ್ನು ನೂರಾರು, ಸಾವಿರಾರು ವರುಷಗಳಿಂದ ಎಣಿಸಬೇಕು.

೨. ಕಲ್ಲಿನ ಪುಡಿಯೆಲ್ಲಾ ಮಣ್ಣಲ್ಲ

ಹಾಗಾದರೆ ಕಲ್ಲನ್ನು ಯಂತ್ರದಿಂದ ಅರೆದು ಮಣ್ಣು ಮಾಡಬಹುದಲ್ಲಾ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಉಂಟು. ಕೋಲಾರದ ಚಿನ್ನದ ಗಣಿಗಳಲ್ಲಿ ೧೮೮೦ ರ ದಶಕದಿಂದ ೨೦೦೧ ನೇ ಇಸವಿ ಫೆಬ್ರವರಿ ೨೮ ರ ವರೆಗೆ, ಕಡೆಕಡೆಗೆ ೩ ಕಿಲೋಮೀಟರಿಗಿಂತ ಹೆಚ್ಚು ಆಳದಿಂದ ಕಲ್ಲನ್ನು ಮೇಲಕ್ಕೆ ತಂದು ಹಿಟ್ಟಿನಂತೆ ಅರೆದು, ಚಿನ್ನವನ್ನು ತೆಗೆದು, ಉಳಿದ ಪುಡಿಯನ್ನು ಗುಡ್ಡೆ ಹಾಕಿದರು. ಜನರು ಅವುಗಳನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿ ಎದ್ದರೆ ಅವುಗಳ ಧೂಳು ಮನೆಗಳಿಗೆ ನುಗ್ಗುತ್ತದೆ. ಮಳೆ ಬಂದರೆ ಅವುಗಳ ಮೈಯೆಲ್ಲಾ ಕೊರಕಲಾಗುತ್ತದೆ. ಅಷ್ಟು ಪುಡಿಯಿದ್ದರೂ ಅದರಲ್ಲಿ ರಾಗಿ ಬೆಳೆಯುವದಿಲ್ಲ. ಯಾಕಂದರೆ ಹೊಲದ ಮಣ್ಣಿನಲ್ಲಿ ಕಲ್ಲಿನ ಪುಡಿಯ ಸಂಗಡ ಕೊಳೆತ ಎಲೆ, ಬೇರು, ಸಗಣಿ, ಎರೆಹುಳ, ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳು ಸೇರಿವೆ. ಅವುಗಳ ಅಂಟಿನಿಂದಲೇ ಮಣ್ಣು ಕಣಕಣವಾಗಿ ಕೂಡಿಕೊಂಡು ನೀರನ್ನು ಕುಡಿಯುತ್ತದೆ. ಆ ಜೀವ ಹೋದರೆ ನಮ್ಮ ಹೊಲವೂ ದಿಬ್ಬದ ಪುಡಿಯಂತೆಯೇ ಆಗುವದು.

೩. ಮಣ್ಣು ಹೋಗುವ ಬಗೆ

ಒಂದು ಎಕರೆಯ ಮೇಲೆ ೨೫ ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರು ನೀರು. ಇದು ಸೋನೆಯಾಗಿ ಬಿದ್ದರೆ ನೆಲವು ಕುಡಿಯುವದು. ಬಿರುಮಳೆಯಾಗಿ ಬಿದ್ದರೆ ಓಡುವದು. ಬರಿ ನೆಲಕ್ಕೆ ಹೊಡೆದ ಹನಿಯು ಮಣ್ಣಿನ ಕಣವನ್ನು ಒಡೆದು ಮೇಲಕ್ಕೆ ಸಿಡಿಸುತ್ತದೆ. ಮನೆಯ ಗೋಡೆಯ ಬುಡದಲ್ಲಿ ಮೊಳದೆತ್ತರಕ್ಕೆ ಹಾರಿದ ಕೆಂಪು ಚಿಕ್ಕೆಗಳೇ ಇದಕ್ಕೆ ಸಾಕ್ಷಿ. ಒಡೆದ ನಯವಾದ ಮಣ್ಣು ನೆಲದ ರಂಧ್ರಗಳನ್ನು ಮುಚ್ಚುವದರಿಂದ ನೀರು ಇಳಿಯಲಾರದೆ ಹಾಳೆಯಂತೆ ಹರಿಯುತ್ತದೆ; ಇದು ಮೊದಲನೆಯ ಹಂತ. ಆ ಹಾಳೆ ಬೆರಳಗಲದ ಗೀರುಗಳಾಗಿ ಕೂಡುವದು ಎರಡನೆಯದು. ಗೀರುಗಳು ಸೇರಿ ಎತ್ತು ದಾಟಲಾಗದ ಕೊರಕಲಾಗುವದು ಮೂರನೆಯದು. ಜನರು ಮೂರನೆಯದನ್ನು ಕಂಡಾಗ ಮಾತ್ರ ಎಚ್ಚರಗೊಳ್ಳುತ್ತಾರೆ. ಆದರೆ ದೊಡ್ಡ ನಷ್ಟ ಮೊದಲನೆಯ ಹಂತದಲ್ಲಿಯೇ ಆಗಿರುತ್ತದೆ. ಒಂದು ಎಕರೆಯಿಂದ ಒಂದೇ ಮಿಲಿಮೀಟರು ಮಣ್ಣು ಹೋದರೂ ಅದು ೫ ಟನ್ನು. ಅರ್ಧ ಟನ್ನು ಹೇರುವ ಎತ್ತಿನ ಗಾಡಿಗಳಲ್ಲಿ ಹತ್ತು ಗಾಡಿ. ಹೊಲದಲ್ಲಿ ನಿಂತವನಿಗೆ ಅದು ಕಾಣುವದೇ ಇಲ್ಲ.

ಮೊದಲು ಹೋಗುವದು ನಯವಾದ ಜೇಡಿಯೂ ಗೊಬ್ಬರದ ಅಂಶವೂ. ಹಿಂದೆ ಉಳಿಯುವದು ಮರಳೂ ಗರಸೂ. “ನಮ್ಮ ಹೊಲದಲ್ಲಿ ವರುಷ ವರುಷಕ್ಕೆ ಕಲ್ಲು ಬೆಳೆಯುತ್ತದೆ” ಎಂದು ಕೆಲವರು ಹೇಳುವದುಂಟು. ಕಲ್ಲು ಬೆಳೆಯಲಿಲ್ಲ, ಅದರ ಸುತ್ತಲಿನ ಮಣ್ಣು ಹೋಯಿತು.

ಇದಕ್ಕೆ ನಾವೇ ಮಾಡಿದ ಕಾರಣಗಳು ಹಲವು. ಇಳಿಜಾರಿನ ಉದ್ದಕ್ಕೆ ಉಳುವದರಿಂದ ಪ್ರತಿಯೊಂದು ಸಾಲೂ ನೀರಿಗೆ ಕಾಲುವೆಯಾಗುತ್ತದೆ. ಗೋಮಾಳದಲ್ಲಿ ಹುಲ್ಲು ತಲೆಯೆತ್ತುವ ಮೊದಲೇ ದನಕುರಿಗಳು ಮೇಯುವದರಿಂದ ದಿಣ್ಣೆ ಬೋಳಾಗುತ್ತದೆ. ೧೯೮೦ ರ ದಶಕದಲ್ಲಿ ಅನೇಕ ರಾಗಿಹೊಲಗಳು ನೀಲಗಿರಿಯ ತೋಪುಗಳಾದವು. ಉದುರಿದ ಎಲೆಯನ್ನು ಒಲೆಗೆ ಗುಡಿಸಿಕೊಂಡು ಹೋದ ಮೇಲೆ ಮರದ ಕೆಳಗೂ ನೆಲ ಬರಿದಾಗಿಯೇ ಉಳಿಯಿತು. ೨೦೧೭ ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವದನ್ನು ನಿಷೇಧಿಸಿತು. ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿಯೂ ಸಾಲುಗಳ ನಡುವೆ ಹುಲ್ಲುಕಡ್ಡಿಯಿಲ್ಲದಂತೆ ಇಳಿಜಾರಿಗೆ ಉತ್ತರೆ ಇದೇ ಫಲ.

೪. ಹೋದ ಮಣ್ಣು ಸೇರುವ ಸ್ಥಳ

ಹೊಲ ಬಿಟ್ಟ ಮಣ್ಣು ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಮಾಲೂರಿಗೆ ಹೆಸರು ತಂದ ಹೆಂಚು, ಇಟ್ಟಿಗೆಗಳ ಜೇಡಿಯೂ ಒಂದು ಕಾಲಕ್ಕೆ ಬೆಟ್ಟದ ಕಲ್ಲಾಗಿದ್ದು, ಆ ಮೇಲೆ ದಿಣ್ಣೆಯ ಮಣ್ಣಾಗಿದ್ದು, ನೀರಿನಿಂದ ತಗ್ಗಿಗೆ ಬಂದದ್ದು. ಹೂಳು ತುಂಬಿದಷ್ಟು ಕೆರೆಯಲ್ಲಿ ನೀರಿಗೆ ಸ್ಥಳ ಕಡಿಮೆ. ನೀರು ಕಡಿಮೆಯಾದರೆ ಸುತ್ತಲಿನ ಬಾವಿಗಳಿಗೆ ಊಟೆ ಕಡಿಮೆ. ೨೦೧೮ ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ತರುತ್ತಿದ್ದಾರೆ. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರದ ಕೆರೆ. ಎಷ್ಟು ದೂರದಿಂದ ನೀರನ್ನು ತಂದರೂ ಹೂಳು ಕೂತಿರುವ ಸ್ಥಳದಲ್ಲಿ ಅದು ನಿಲ್ಲಲಾರದಷ್ಟೆ.

ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸರಪಣಿಯಾಗಿ ಕಟ್ಟಲ್ಪಟ್ಟಿವೆ. ೧೯೦೩ ನೇ ನವೆಂಬರಿನಲ್ಲಿ ಅತಿವೃಷ್ಟಿಯಿಂದ ಪಾಲಾರ್ ಕೊಳ್ಳದ ಮೇಲ್ಭಾಗದ ಕೆರೆಗಳು ಒಡೆದು, ಕೆಳಗಡೆ ತಮಿಳು ಸೀಮೆಯ ವಾಣಿಯಂಬಾಡಿ ಪಟ್ಟಣದೊಳಗೆ ಪ್ರವಾಹ ನುಗ್ಗಿ ಅನೇಕರು ಸತ್ತರು. ಮೇಲಿನವನ ಏರಿ ಒಡೆದರೆ ಕೆಳಗಿನವನ ಮನೆ ಉಳಿಯದು.

೫. ತಡೆಯುವ ಉಪಾಯಗಳು

ಮೊದಲನೆಯದು, ಇಳಿಜಾರಿಗೆ ಅಡ್ಡಲಾಗಿ ಉಳುವದು, ಅಡ್ಡಲಾಗಿಯೇ ಕೂರಿಗೆ ಹೊಡೆಯುವದು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಆಗ ಪ್ರತಿಯೊಂದು ಸಾಲೂ ಚಿಕ್ಕ ಬದುವಾಗಿ ನೀರನ್ನು ಹಿಡಿಯುತ್ತದೆ.

ಎರಡನೆಯದು, ಸಮಮಟ್ಟದ ಬದು. ಗಾರೆಯವರು ಮನೆ ಕಟ್ಟುವಾಗ ನೀರು ತುಂಬಿದ ಕೊಳವೆಯಿಂದ ಮಟ್ಟ ನೋಡುವರಷ್ಟೆ. ಅದೇ ಕೊಳವೆಯಿಂದ ಹೊಲದಲ್ಲಿಯೂ ಒಂದೇ ಮಟ್ಟದ ಗೆರೆಯನ್ನು ಗುರುತಿಸಿ ಅದರ ಮೇಲೆ ಬದು ಹಾಕಬೇಕು. ಹೆಚ್ಚಾದ ನೀರು ಹೋಗುವದಕ್ಕೆ ಕಲ್ಲು ಕಟ್ಟಿದ ಚಿಕ್ಕ ಕೋಡಿಯನ್ನು ಬಿಡತಕ್ಕದ್ದು. ಕೋಡಿಯಿಲ್ಲದ ಬದು ಒಂದೇ ಬಿರುಮಳೆಗೆ ಒಡೆದು, ಬದುವಿಲ್ಲದ್ದಕ್ಕಿಂತ ಹೆಚ್ಚು ಹಾನಿ ಮಾಡುವದು.

ಮೂರನೆಯದು, ಬದುವಿನ ಮೇಲೆ ಹುಲ್ಲು. ಗುಂಡ್ಲುಪೇಟೆಯ ಕಡೆಯ ಒಕ್ಕಲಿಗರು ತಲೆಮಾರುಗಳಿಂದ ಹೊಲದ ಅಂಚುಗಳಲ್ಲಿ ಲಾವಂಚದ ಸಾಲನ್ನು ಬೆಳೆಸಿಕೊಂಡು ಬಂದಿದ್ದರು. ೧೯೮೦ ರ ದಶಕದ ತರುವಾಯ ಆ ಹುಲ್ಲಿನ ಗುಣವು ಅನೇಕ ದೇಶಗಳಿಗೆ ತಿಳಿಯಿತು. ಅದರ ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಒತ್ತಾದ ಬುಡವು ನೀರನ್ನು ಸೋಸಿ ಮಣ್ಣನ್ನು ಹಿಂದಕ್ಕೆ ನಿಲ್ಲಿಸುತ್ತದೆ. ಹೊಂಗೆಯನ್ನು ನಡುನಡುವೆ ನೆಟ್ಟರೆ ಸೊಪ್ಪಿನ ಗೊಬ್ಬರವೂ ಆಯಿತು.

ನಾಲ್ಕನೆಯದು, ನೆಲವನ್ನು ಬರಿದಾಗಿ ಬಿಡದಿರುವದು. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರು ಬುದ್ಧಿವಂತರು; ರಾಗಿ ಕೊಯ್ದ ಮೇಲೆಯೂ ಆ ಗಿಡಗಳು ನೆಲಕ್ಕೆ ನೆರಳಾಗಿರುತ್ತವೆ. ಮಾವಿನ ಸಾಲುಗಳ ನಡುವೆ ಹುರುಳಿಯನ್ನು ಚೆಲ್ಲಿ, ಪ್ರತಿ ಮರದ ಕೆಳಪಕ್ಕಕ್ಕೆ ಅರ್ಧಚಂದ್ರದಂತೆ ಕಟ್ಟೆ ಹಾಕಬಹುದು.

ಐದನೆಯದು, ಕೊರಕಲನ್ನು ಮೇಲಿನಿಂದ ಕೆಳಕ್ಕೆ ಕಲ್ಲಿನ ತಡೆಗಳಿಂದ ಕಟ್ಟುವದು. ಕೆಳಗೆ ಒಂದೇ ದೊಡ್ಡ ತಡೆ ಹಾಕಿ ಮೇಲಿನದನ್ನು ಬಿಟ್ಟರೆ ಶ್ರಮವೆಲ್ಲಾ ವ್ಯರ್ಥ.

ಆರನೆಯದು, ಹೋದದ್ದನ್ನು ಹಿಂದಕ್ಕೆ ತರುವದು. ಬೇಸಗೆಯಲ್ಲಿ ಕೆರೆ ಒಣಗಿದಾಗ ಗೋಡನ್ನು ತೆಗೆದು ದಿಣ್ಣೆಯ ಹೊಲಕ್ಕೆ ಹೊಡೆಯಬೇಕು. ಆದರೆ ಏರಿಯ ಬುಡದಲ್ಲಿ ಅಗೆಯಬಾರದು. ಗರಸು ಕಾಣುವಷ್ಟು ಆಳಕ್ಕೂ ಹೋಗಬಾರದು.

೬. ಇದು ಒಬ್ಬನ ಕೆಲಸವಲ್ಲ

ಅಮೇರಿಕ ದೇಶದ ಬಯಲುಗಳಲ್ಲಿ ಹುಲ್ಲನ್ನು ಉತ್ತು ಬರಿದುಮಾಡಿದ್ದರಿಂದ ೧೯೩೦ ರ ದಶಕದ ಬರಗಾಲದಲ್ಲಿ ಮಣ್ಣು ಧೂಳಾಗಿ ಎದ್ದು ಹಗಲನ್ನೇ ಕತ್ತಲೆ ಮಾಡಿತು. ಲಕ್ಷಾಂತರ ಜನರು ಊರು ಬಿಟ್ಟರು. ೧೯೩೫ ರಲ್ಲಿ ಆ ಸರ್ಕಾರವು ಮಣ್ಣಿನ ರಕ್ಷಣೆಗಾಗಿಯೇ ಒಂದು ಇಲಾಖೆಯನ್ನು ಸ್ಥಾಪಿಸಿತು. ನಮ್ಮಲ್ಲಿಯೂ ೨೦೦೧ ರಿಂದ ೨೦೦೯ ರ ವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ‘ಸುಜಲ’ ಜಲಾನಯನ ಯೋಜನೆಯು ಕೋಲಾರವೂ ಸೇರಿ ಐದು ಜಿಲ್ಲೆಗಳಲ್ಲಿ ಬದುಗಳನ್ನು ಹಾಕಿಸಿತು. ಯೋಜನೆಗಳು ಬಂದು ಹೋಗುವವು. ಇಲಿ ತೋಡಿದ ಬದುವಿನ ತೂತನ್ನು ಮಳೆಗೆ ಮೊದಲು ಮುಚ್ಚುವದಕ್ಕೆ ಹೊಲದವನೇ ಬೇಕು.

ಮೇಲಿನ ಹೊಲದವನು, “ನೀರು ನನ್ನ ಹೊಲದಿಂದ ಹೋದರೆ ಸಾಕು” ಎಂದು ಬದುವನ್ನು ಕಡಿದುಬಿಡುತ್ತಾನೆ. ಕೆಳಗಿನವನು ಜಗಳಕ್ಕೆ ಬರುತ್ತಾನೆ. ಇಬ್ಬರೂ ಕಛೇರಿಗೆ ಅಲೆಯುತ್ತಾರೆ. ಮಣ್ಣು ಮಾತ್ರ ಯಾರ ತೀರ್ಪಿಗೂ ಕಾಯದೆ ಕೆರೆಗೆ ಹೋಗುತ್ತದೆ. ಬದುವಿನ ಎರಡು ಕಡೆಯವರೂ ಒಂದು ದಿನ ಗುದ್ದಲಿ ಹಿಡಿದು ಕೂಡಿ ದುಡಿದರೆ ಕಛೇರಿಗೆ ಹೋಗುವ ಖರ್ಚಿಗಿಂತ ಕಡಿಮೆಯಲ್ಲಿ ಕೋಡಿ ಕಟ್ಟಬಹುದು.

ಬೆಟ್ಟದ ಬಂಡೆಗಳು ಇಂದಿಗೂ ಮಣ್ಣಾಗುತ್ತಲೇ ಇವೆ. ಆದರೆ ಅವು ಒಂದು ಅಂಗುಲ ಮಣ್ಣು ಮಾಡುವಷ್ಟರಲ್ಲಿ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಇರುವದಿಲ್ಲ. ಆದಕಾರಣ ಇರುವ ಮಣ್ಣನ್ನೇ ಕಾಪಾಡಿಕೊಳ್ಳತಕ್ಕದ್ದು.

ಓದಿದ ಮೇಲೆ ಕೂಡಿ ಯೋಚಿಸತಕ್ಕ ಪ್ರಶ್ನೆಗಳು

೧. ಬಿಸಿಲು, ನೀರು ಇವೆರಡರಲ್ಲಿ ಕಲ್ಲನ್ನು ಹೆಚ್ಚಾಗಿ ಸಡಿಲಿಸುವದು ಯಾವದು? ಹೇಗೆ ತಿಳಿಯಿತು?
೨. ಗಣಿಯ ದಿಬ್ಬದ ಪುಡಿಗೂ ಹೊಲದ ಮಣ್ಣಿಗೂ ಇರುವ ಭೇದವೇನು?
೩. “ಹೊಲದಲ್ಲಿ ಕಲ್ಲು ಬೆಳೆಯುತ್ತದೆ” ಎಂಬ ಮಾತಿನ ನಿಜವಾದ ಅರ್ಥವೇನು?
೪. ಕೋಡಿಯಿಲ್ಲದ ಬದುವಿನಿಂದ ಹಾನಿಯೇಕೆ?
೫. ನಿಮ್ಮ ಹೊಲದ ನೀರು ಯಾರ ಹೊಲಕ್ಕೆ ಇಳಿಯುತ್ತದೆ? ಮುಂದಿನ ಮಳೆಗೆ ಮೊದಲು ಅವರ ಸಂಗಡ ಆ ಬದುವಿನ ಮೇಲೆ ಒಂದು ಸಾರಿ ನಡೆದು ನೋಡಿರಿ.