ಇಂಧನಮಾಪಕದ ದೋಷಪರೀಕ್ಷೆ

'ಇಂಧನ' ಶಬ್ದವು 'ಇಂಧ್' ಎಂಬ ಧಾತುವಿನಿಂದ ನಿಷ್ಪನ್ನವಾದುದು. ಹೊತ್ತಿಸುವುದು, ಉರಿಸುವುದು ಎಂದು ಆ ಧಾತುವಿನ ಅರ್ಥ. ಸೌದೆಗೆ ಸಂದಿದ್ದ ಈ ಹೆಸರು ಇಂದು ಪೆಟ್ರೋಲು ಡೀಸೆಲುಗಳಿಗೂ ಸಲ್ಲುತ್ತಿದೆ. ಒಟ್ಟಿದ ಸೌದೆ ಎಷ್ಟು ಉಳಿದಿದೆಯೆಂಬುದನ್ನು ಕಣ್ಣಾರೆ ಕಾಣಬಹುದು. ಟ್ಯಾಂಕಿನೊಳಗೆ ಅಡಗಿರುವ ಇಂಧನವನ್ನಾದರೋ ಚಾಲಕನು ಕಾಣಲಾರ. ಎದುರಿನ ಫಲಕದ ಮುಳ್ಳನ್ನು ನೋಡಿ, ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕನಂತೆ, ಅನುಮಾನಪ್ರಮಾಣದಿಂದಲೇ ಅದನ್ನು ತಿಳಿಯಬೇಕು. ಹೇತು ದುಷ್ಟವಾದರೆ ಅನುಮಾನವೂ ದುಷ್ಟವಾಗುತ್ತದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಯಂತ್ರದ ರಚನೆ ಸರಳವಾದುದು. ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆ; ಅದಕ್ಕೆ ಜೋಡಿಸಿದ ತಂತಿಯ ತೋಳು; ತೋಳಿನ ಇನ್ನೊಂದು ತುದಿಯಲ್ಲಿ ವಿದ್ಯುತ್ತಿಗೆ ತಡೆಯೊಡ್ಡುವ ಪಟ್ಟಿಯ ಮೇಲೆ ಸರಿದಾಡುವ ಲೋಹದ ನಾಲಗೆ. ಇವೆಲ್ಲವನ್ನೂ ಕೂಡಿಸಿ ಮೆಕ್ಯಾನಿಕರು 'ಟ್ಯಾಂಕ್ ಯೂನಿಟ್' ಎನ್ನುತ್ತಾರೆ. ಇಂಧನವು ಏರಿಳಿದಂತೆ ಬುರುಡೆಯೂ ಏರಿಳಿಯುತ್ತದೆ, ತಡೆ ಹೆಚ್ಚುಕಡಿಮೆಯಾಗುತ್ತದೆ, ಹರಿಯುವ ವಿದ್ಯುತ್ತಿಗನುಗುಣವಾಗಿ ಮುಳ್ಳು ಓಲುತ್ತದೆ. ಬ್ರಿಟಿಷ್ ಮಾದರಿಯ ಅನೇಕ ಹಳೆಯ ಕಾರುಗಳಲ್ಲಿ ಮುಳ್ಳಿನ ಹಿಂದೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯಿದ್ದು, ಅದು ಕಾಯ್ದು ಬಾಗುವುದರಿಂದ ಮುಳ್ಳು ಚಲಿಸುತ್ತದೆ. ಅಂತಹ ಮುಳ್ಳು ಕೀಲಿಯನ್ನು ತಿರುಗಿಸಿದೊಡನೆ ನೆಗೆಯದು, ಮೆಲ್ಲಮೆಲ್ಲನೆ ಏರುವುದು. ಇದನ್ನು ದೋಷವೆಂದು ಭ್ರಮಿಸಿ ಬಿಚ್ಚಿಹಾಕಿದವರನ್ನು ನಾನು ಬಲ್ಲೆ.

ಇನ್ನು ಪರೀಕ್ಷಾಕ್ರಮ. ಮೊದಲು ಫ್ಯೂಸನ್ನೂ ನೆರೆಯ ಮಾಪಕಗಳನ್ನೂ ನೋಡತಕ್ಕದ್ದು. ಮೇಲೆ ಹೇಳಿದ ಹಳೆಯ ಕಾರುಗಳಲ್ಲಿ ಇಂಧನದ ಮುಳ್ಳೂ ಶಾಖದ ಮುಳ್ಳೂ ಕೂಡಿಯೇ ಸುಳ್ಳು ನುಡಿಯತೊಡಗಿದರೆ ಟ್ಯಾಂಕನ್ನು ಶಂಕಿಸಬಾರದು. ಎರಡಕ್ಕೂ ಸಮವಾದ ವೋಲ್ಟೇಜನ್ನು ಒದಗಿಸುವ ಸ್ಟೆಬಿಲೈಜರನ್ನು ಶಂಕಿಸಬೇಕು. ಇಂಧನದ ಮುಳ್ಳೊಂದೇ ತಪ್ಪಿದಾಗ ನಮ್ಮ ಶಾಸ್ತ್ರಕಾರರ ಅನ್ವಯ-ವ್ಯತಿರೇಕ ನ್ಯಾಯವೇ ದಾರಿದೀಪ. ಕೀಲಿಯನ್ನು ಮುಚ್ಚಿ ಟ್ಯಾಂಕ್ ಯೂನಿಟ್ಟಿನಿಂದ ತಂತಿಯನ್ನು ಬಿಡಿಸಿ, ಮತ್ತೆ ಕೀಲಿಯನ್ನು ತೆರೆದು ಮುಳ್ಳನ್ನು ಗಮನಿಸಬೇಕು. ಅದು ಒಂದು ಕೊನೆಗೆ ನಿಲ್ಲಬೇಕು. ಪುನಃ ಕೀಲಿಯನ್ನು ಮುಚ್ಚಿ, ಆ ತಂತಿಯನ್ನು ವಾಹನದ ಲೋಹದ ಮೈಗೆ ಕ್ಲಿಪ್ಪಿನಿಂದ ಬಿಗಿದು, ಕೆಲವು ಕ್ಷಣ ಮಾತ್ರ ಕೀಲಿಯನ್ನು ತೆರೆದರೆ ಮುಳ್ಳು ಇನ್ನೊಂದು ಕೊನೆಗೆ ಹೋಗಬೇಕು. ಯಾವ ಕೊನೆ 'ತುಂಬಿದೆ', ಯಾವುದು 'ಬರಿದು' ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಮುಳ್ಳು ಹೀಗೆ ಎರಡೂ ಕೊನೆಗಳನ್ನು ಮುಟ್ಟಿದರೆ ಮಾಪಕವೂ ತಂತಿಯೂ ನಿರ್ದೋಷಿಗಳು. ದೋಷವಿರುವುದು ಟ್ಯಾಂಕ್ ಯೂನಿಟ್ಟಿನಲ್ಲಿ ಅಥವಾ ಅದರ ಅರ್ಥ್ ಸಂಪರ್ಕದಲ್ಲಿ. ಮುಟ್ಟದಿದ್ದರೆ ಅದೇ ಪರೀಕ್ಷೆಯನ್ನು ಮಾಪಕದ ಬೆನ್ನಿನಲ್ಲಿ ನಡೆಸಬೇಕು. ಅಲ್ಲಿ ಮುಳ್ಳು ಓಡಿದರೆ ನಡುವಣ ತಂತಿ ಹರಿದಿದೆ; ಅಲ್ಲಿಯೂ ಓಡದಿದ್ದರೆ ಮಾಪಕವೋ ಅದಕ್ಕೆ ಬರುವ ವಿದ್ಯುತ್ತೋ ಕೆಟ್ಟಿದೆ.

ಈ ಕ್ರಮವನ್ನು ಬಿಟ್ಟುದರಿಂದ ನಮ್ಮ ಶಾಲೆಯ ಡೀಸೆಲ್ ಜೀಪಿಗೆ ಒಮ್ಮೆ ಒದಗಿದ ಪಾಡನ್ನು ಇಲ್ಲಿ ಹೇಳಬೇಕು. ಚರ್ಚಾಸ್ಪರ್ಧೆಯಿಂದ ಮಕ್ಕಳನ್ನು ಕರೆತರುತ್ತಿದ್ದ ಜೀಪು ಮುಸ್ಸಂಜೆಯಲ್ಲಿ ಊರಾಚೆ ನಿಂತಿತು. ಮುಳ್ಳು ಅರ್ಧ ಟ್ಯಾಂಕನ್ನು ತೋರಿಸುತ್ತಿತ್ತು, ಟ್ಯಾಂಕು ಬರಿದಾಗಿತ್ತು. ಡೀಸೆಲ್ ಎಂಜಿನ್ನು ಹೀಗೆ ಬರಿದಾಗಿ ನಿಂತರೆ ಕೊಳವೆಗಳಲ್ಲಿ ಗಾಳಿ ಸೇರುತ್ತದೆ. ಡೀಸೆಲ್ ತಂದು ಸುರಿದರೆ ಸಾಲದು, ಗಾಳಿಯನ್ನು ಹೊರಡಿಸಿದ ಹೊರತು ಎಂಜಿನ್ನು ಏಳದು. ಮಕ್ಕಳು ಮನೆ ಸೇರುವ ವೇಳೆಗೆ ನಡುರಾತ್ರಿ. ತಂದೆತಾಯಂದಿರ ಆತಂಕವನ್ನು ಬಣ್ಣಿಸಬೇಕಾಗಿಲ್ಲ. ಮರುದಿನ ದುರಸ್ತಿಯವರು ಹೊಸ ಮಾಪಕವನ್ನೇ ಜೋಡಿಸಿ ಹಣ ಪಡೆದರು. ಹೊಸದೂ ಅರ್ಧವನ್ನೇ ತೋರಿಸಿತು! ಇಬ್ಬರು ಸಾಕ್ಷಿಗಳು ಒಂದೇ ಮಾತನ್ನಾಡುವಾಗ, ಅವರಿಗೆ ಸುದ್ದಿ ಹೇಳಿದವನನ್ನು ವಿಚಾರಿಸುವುದು ನ್ಯಾಯವಲ್ಲವೆ? ಭೌತಶಾಸ್ತ್ರದ ಉಪಾಧ್ಯಾಯರು ತಂತಿಯನ್ನು ಬಿಡಿಸಿ ಪರೀಕ್ಷಿಸಿದರು. ಮುಳ್ಳು ಎರಡೂ ಕೊನೆಗಳಿಗೆ ಸಲೀಸಾಗಿ ಓಡಿತು. ಯೂನಿಟ್ಟನ್ನು ಹೊರತೆಗೆದಾಗ ತೋಳಿನ ಕೀಲು ತುಕ್ಕು ಹಿಡಿದು ನಟ್ಟನಡುವೆ ಸಿಕ್ಕಿಕೊಂಡಿದ್ದುದು ಕಂಡಿತು. ಕಡಿಮೆ ತೋರಿಸುವ ಮಾಪಕವು ಕೃಪಣ, ಹೆಚ್ಚು ತೋರಿಸುವುದು ವಂಚಕ. ಮೊದಲನೆಯದರೊಡನೆ ಹೇಗೋ ಬಾಳಬಹುದು.

ಯೂನಿಟ್ಟನ್ನು ಬಿಚ್ಚುವ ಮುನ್ನ ಅದರ ಅರ್ಥ್ ತಂತಿಯನ್ನು ನೋಡತಕ್ಕದ್ದು. ತುಕ್ಕು, ಬಣ್ಣ, ಕೆಸರುಗಳಿಂದ ಈ ಸಂಪರ್ಕ ಕೆಡುವುದು ಬಹಳ. ಅರ್ಥ್ ಕೆಟ್ಟಲ್ಲಿ ಅನರ್ಥ! ಉಜ್ಜಿ ಬೆಳಗಿ ಬಿಗಿದರೆ ಕಾಸಿಲ್ಲದೆ ಕೆಲಸವಾಗುತ್ತದೆ. ಬಿಚ್ಚಲೇಬೇಕಾದರೆ ಮೊದಲು ಬ್ಯಾಟರಿಯ ತಂತಿಯನ್ನು ಕಳಚಿ, ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರವಿದ್ದು ಮಾಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದುರದೆ ನೆಲದಲ್ಲೇ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಹಿತ್ತಾಳೆಯ ಬುರುಡೆಯನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ದ್ರವ ಕುಲುಕಿದರೆ ಅದು ತೂತಾಗಿ ಮುಳುಗುತ್ತಿದೆಯೆಂದರ್ಥ. ಅದನ್ನು ಬೆಸೆಯಲು ಹೋಗಬಾರದು, ಒಳಗಿನ ಆವಿ ಸಿಡಿಯುತ್ತದೆ, ಬದಲಾಯಿಸುವುದೇ ಲೇಸು. ಬಳಿಕ ಓಮ್ ಮೀಟರಿನ ಎರಡು ತುದಿಗಳನ್ನಿಟ್ಟು ತೋಳನ್ನು ನಿಧಾನವಾಗಿ ಎತ್ತಿ ಇಳಿಸಬೇಕು. ಅಂಕಿ ನಡುವೆ ಹಾರಿದರೆ ಆ ಜಾಗದಲ್ಲಿ ಪಟ್ಟಿ ಸವೆದಿದೆ. ಹೊಸ ಯೂನಿಟ್ಟನ್ನು ಕೊಳ್ಳುವಾಗ ಮಾಪಕಕ್ಕೆ ಹೊಂದುವುದನ್ನೇ ಕೊಳ್ಳತಕ್ಕದ್ದು. ಒಂದು ಮಾದರಿಯಲ್ಲಿ ಬರಿದಾದಾಗ ಸುಮಾರು 240 ಓಮ್, ತುಂಬಿದಾಗ 30ರ ಆಸುಪಾಸು. ಇನ್ನೊಂದರಲ್ಲಿ ಬರಿದಾದಾಗ 0, ತುಂಬಿದಾಗ 90. ಒಂದನ್ನು ಇನ್ನೊಂದಕ್ಕೆ ಗಂಟುಹಾಕಿದರೆ ತುಂಬಿದ್ದು ಬರಿದಾಗಿಯೂ ಬರಿದಾದದ್ದು ತುಂಬಿದಂತೆಯೂ ಕಂಡೀತು.

ಇಂದಿನ ಪೆಟ್ರೋಲ್ ಕಾರುಗಳಲ್ಲಿ ಯೂನಿಟ್ಟು ಸಾಮಾನ್ಯವಾಗಿ ಪಂಪಿನೊಡನೆ ಟ್ಯಾಂಕಿನೊಳಗೇ ಇದ್ದು, ಮುಳ್ಳಿನ ಚಲನೆಯನ್ನು ಕಂಪ್ಯೂಟರು ನಿಯಂತ್ರಿಸುತ್ತದೆ. ಅಲ್ಲಿ ತಂತಿಯನ್ನು ಮೈಗೆ ಮುಟ್ಟಿಸುವ ಹಳೆಯ ಪರೀಕ್ಷೆ ಸಲ್ಲದು. ಬಲ್ಲವರಿಂದ ತಕ್ಕ ಉಪಕರಣದಿಂದಲೇ ಪರೀಕ್ಷಿಸಬೇಕು.

ದುರಸ್ತಿಯಾದ ಮೇಲೆ, ಬರಿದಾದ ಟ್ಯಾಂಕಿಗೆ 5 ಲೀಟರಿನಂತೆ ಅಳೆದು ಸುರಿಯುತ್ತ, ಪ್ರತಿಸಲವೂ ಮುಳ್ಳು ನಿಂತ ಸ್ಥಾನವನ್ನು ಒಂದು ಚೀಟಿಯಲ್ಲಿ ಬರೆದು ಚಾಲಕನ ಕೈಗೆ ಕೊಡತಕ್ಕದ್ದು. ಟ್ಯಾಂಕಿನ ಆಕಾರ ಎಲ್ಲೆಡೆ ಒಂದೇ ಅಗಲವಾಗಿಲ್ಲದಿದ್ದರೆ, ಮುಳ್ಳು ಅರ್ಧಕ್ಕೆ ಬಂದಾಗ ಇಂಧನವೂ ಅರ್ಧವೇ ಉಳಿದಿರುವುದೆಂದು ಹೇಳಲಾಗದು.