ಮನಸ್ಸಿಗೂ ಆರೈಕೆ ಬೇಕು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಂಗಿ ಬರುತ್ತಿದ್ದಳು. ಹೆಸರು ಬೇಡ. ತಂಗಿ ಅಂತಲೇ ಕರೆಯೋಣ. ಓದುವುದರಲ್ಲಿ ಅವಳೇ ಮುಂದು. ಒಂದು ದಿನ ಬರುವುದು ನಿಲ್ಲಿಸಿದಳು. ಒಂದು ತಿಂಗಳಾದರೂ ಬರಲಿಲ್ಲ.

ನಾವು ಅವಳ ಮನೆಗೆ ಹೋದೆವು. ಮಧ್ಯಾಹ್ನವಾದರೂ ಒಲೆ ಹಚ್ಚಿರಲಿಲ್ಲ. ತಂಗಿ ಮೂಲೆಯಲ್ಲಿ ಕುಳಿತಿದ್ದಳು. ತಲೆ ಬಾಚಿರಲಿಲ್ಲ.

"ನಿದ್ದಿ ಬರವಲ್ದು ಅಕ್ಕೋರ. ರೊಟ್ಟಿ ತಿಂದ್ರ ಮಣ್ಣು ತಿಂದಂಗ ಆಗ್ತೈತಿ. ಯಾವ ಕೆಲಸಾನೂ ಬ್ಯಾಡ ಅನಿಸ್ತೈತಿ" ಅಂದಳು.

"ಗಾಳಿ ಸೋಕೈತಿ" ಅಂದರು ಅತ್ತೆ. "ಸೋಮಾರಿತನ" ಅಂದ ಗಂಡ. ನಾವೂ "ಧೈರ್ಯ ತಗೋ" ಅಂದು ಬಂದೆವು. ಅದು ಸಾಲಲಿಲ್ಲ.

ಮುಂದಿನ ವಾರ ತಂಗಿ, "ನಾ ಇದ್ರೆಷ್ಟು, ಹೋದ್ರೆಷ್ಟು?" ಅಂದಳು. ನಮಗೆ ಎದೆ ಝಲ್ ಅಂದಿತು. "ಸಾಯಬೇಕು ಅನಿಸ್ತೈತೇನವ್ವಾ?" ಅಂತ ನೇರವಾಗಿ ಕೇಳಿದೆವು. ಅವಳು ಅತ್ತಳು. ಹೌದು ಅಂದಳು. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಹೆದರಬೇಡಿ. ಕೇಳಿದರೆ ಒಳಗಿನ ಭಾರ ಹೊರಗೆ ಬರುತ್ತದೆ.

ಆ ರಾತ್ರಿ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿಯನ್ನು ಮನೆಯಿಂದ ಹೊರಗೆ ಸಾಗಿಸಿದೆವು. ಬೆಳಿಗ್ಗೆ ಆಶಾ ಕಾರ್ಯಕರ್ತೆಯ ಜೊತೆ ಜಿಲ್ಲಾ ಆಸ್ಪತ್ರೆಗೆ ಹೋದೆವು.

"ಇದು ಖಿನ್ನತೆ. ಜ್ವರದ ಹಾಗೆ ಇದೂ ಕಾಯಿಲೆ. ವಾಸಿಯಾಗುತ್ತದೆ" ಅಂದರು ಡಾಕ್ಟರು. ಮಾತ್ರೆ ಕೊಟ್ಟರು. ಮನೆಯವರಿಗೂ ತಿಳಿಸಿ ಹೇಳಿದರು.

ಮೊದಲ ವಾರ ಗುಣ ಕಾಣಲಿಲ್ಲ. ತಂಗಿ ಮಾತ್ರೆ ಬಿಡಲು ಹೊರಟಳು. ಈ ಮಾತ್ರೆ ಕೆಲಸ ಮಾಡಲು 2ರಿಂದ 4 ವಾರ ಬೇಕು. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ತಿಂಗಳಾದ ಮೇಲೆ ನಿದ್ದೆ ಬಂತು. ಈಗ ಮತ್ತೆ ಪಾಠಕ್ಕೆ ಬರುತ್ತಾಳೆ.

ಗುರುತು ಹೇಗೆ?

ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ 2 ವಾರಕ್ಕಿಂತ ಹೆಚ್ಚು ಹೀಗಿದ್ದರೆ ಆಸ್ಪತ್ರೆಗೆ ಹೋಗಿ:

ದಿನವಿಡೀ ದುಃಖ, ಯಾವುದರಲ್ಲೂ ಆಸೆ ಇಲ್ಲದಿರುವುದು.
ನಿದ್ದೆ, ಹಸಿವು ಕೆಡುವುದು.
ಸದಾ ಸುಸ್ತು.
ನಾನು ಕೆಲಸಕ್ಕೆ ಬಾರದವಳು ಅನಿಸುವುದು.

ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಹೆರಿಗೆಯಾದ ತಾಯಂದಿರಿಗೂ ಈ ಕಾಯಿಲೆ ಬರಬಹುದು. ಅವರನ್ನು ಬೈಯಬೇಡಿ.

ನಾವೇನು ಮಾಡೋಣ?

ಹೊತ್ತಿಗೆ ಉಣ್ಣೋಣ. ಹೊತ್ತಿಗೆ ಮಲಗೋಣ. ನಂಬಿಕೆಯ ಒಬ್ಬರ ಹತ್ತಿರ ಮನಸ್ಸು ಬಿಚ್ಚೋಣ. ಸಂಘದ ಸಭೆಗೆ, ಪಾಠಕ್ಕೆ ತಪ್ಪದೆ ಬರೋಣ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಸಹಿಸಿ ಕೂರಬೇಡಿ, ಹೇಳಿ.

ಚಿಕಿತ್ಸೆಗೆ ದೊಡ್ಡ ಊರಿಗೇ ಹೋಗಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಮಾಡಿ ತೋರಿಸಿದರು. ಹಳ್ಳಿ ಆಸ್ಪತ್ರೆಗಳಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಸಿಕ್ಕಿತು. 1996ರಿಂದ ಈ ಕೆಲಸ ದೇಶದ ಬೇರೆ ಜಿಲ್ಲೆಗಳಿಗೂ ಹಬ್ಬಿತು.

2022ರಲ್ಲಿ ಸರ್ಕಾರ ಟೆಲಿ ಮಾನಸ್ ಎಂಬ ಫೋನ್ ಸೇವೆ ಆರಂಭಿಸಿತು. ನಂಬರ್ 14416. ದುಡ್ಡಿಲ್ಲ. ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು.

ಓದಿ, ಬರೆಯಿರಿ

1. ಖಿನ್ನತೆ, ನಿದ್ದೆ, ಧೈರ್ಯ, ಚಿಕಿತ್ಸೆ. ಈ ಪದಗಳನ್ನು ಬರೆಯಿರಿ.
2. 14416 ಅನ್ನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಮಾತಾಡೋಣ

ನಮ್ಮ ಓಣಿಯಲ್ಲಿ ಈಚೆಗೆ ಹೊರಗೆ ಬಾರದವರು ಯಾರಿದ್ದಾರೆ? ಇವತ್ತು ಅವರ ಮನೆಗೆ ಯಾರು ಹೋಗುತ್ತೀರಿ?