ಸರ್ಜಾಪುರದ ಗಾಳಿ, ಟರ್ಬೊ ಗಾಡಿಯ ಲೆಕ್ಕ

ರೀಮ್ಯಾಪ್ ಮಾಡಿಸಿ, ಇನ್‌ಟೇಕ್, ಡೌನ್‌ಪೈಪ್ ಬದಲಿಸಿಕೊಂಡ ಪೋಲೊ, ಆಕ್ಟೇವಿಯಾಗಳು ಸರ್ಜಾಪುರದ ಸುತ್ತ ಬೇಕಾದಷ್ಟಿವೆ. ಗಾಡಿ ಎಳೆಯುತ್ತಿಲ್ಲ ಅನ್ನಿಸಿದ ಕೂಡಲೇ ಮಾಲೀಕರು ಫೋನಿನ ಸ್ಕ್ಯಾನರ್ ಆ್ಯಪ್ ತೆರೆದು ಒಂದು ಅಂಕಿ ತೋರಿಸಿ, "ಇದು ಸರೀನಾ?" ಅಂತಾರೆ. ಒಂಟಿ ಅಂಕಿ ಇಟ್ಟುಕೊಂಡು ಯಾರೂ ಉತ್ತರ ಹೇಳಲಾರರು. ಇಂಥ ಗಾಡಿಗಳ ತೊಂದರೆ ಹುಡುಕುವ ಕೆಲಸದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಊರಿನ ಗಾಳಿಯನ್ನು ಅಳೆಯಿರಿ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಮ್ಯಾನಿಫೋಲ್ಡ್ ಪ್ರೆಶರ್ ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ನಮ್ಮಲ್ಲಿ ಅದು 910 ಮಿಲಿಬಾರ್ ಆಸುಪಾಸು ಇರಬೇಕು. ಮಂಗಳೂರಿನಲ್ಲಾದರೆ 1010. ಇಲ್ಲೂ 1010 ತೋರಿಸಿದರೆ ಸೆನ್ಸರನ್ನೇ ಅನುಮಾನಿಸಿ.

ಈ ನೂರು ಮಿಲಿಬಾರ್ ಸಣ್ಣ ವಿಷಯವಲ್ಲ. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಬೂಸ್ಟ್ ಲೆಕ್ಕ ಹಾಕುವುದು ಹೊರಗಾಳಿಯ ಒತ್ತಡವನ್ನೂ ಸೇರಿಸಿಕೊಂಡು. ಅದು 2000 ಮಿಲಿಬಾರ್ ಕೇಳಿತು ಅನ್ನಿ. ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು. ಸರ್ಜಾಪುರದಲ್ಲಿ 2.2 ಪಟ್ಟು ಒತ್ತಬೇಕು. 2,240 ಮೀಟರ್ ಎತ್ತರದ ಊಟಿಯಲ್ಲಿ ಎರಡೂವರೆ ಪಟ್ಟು. ಅದೇ ಗುರಿ ಮುಟ್ಟಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಗಾಳಿಯೂ ಇನ್ನಷ್ಟು ಬಿಸಿಯಾಗುತ್ತದೆ. ಸಮುದ್ರಮಟ್ಟದ ಯಾವುದೋ ಊರಿಗೆ ಬರೆದ ಫೈಲನ್ನು ತಂದು ಹಾಗೇ ಇಲ್ಲಿ ತುಂಬುವುದನ್ನು ನಾನು ಒಪ್ಪುವುದಿಲ್ಲ.

2. ಕೇಳಿದ ಬೂಸ್ಟ್, ಬಂದ ಬೂಸ್ಟ್, ವೇಸ್ಟ್‌ಗೇಟ್ ಡ್ಯೂಟಿ ಮೂರೂ ಒಂದೇ ಲಾಗ್‌ನಲ್ಲಿರಲಿ. ಕೇಳಿದ್ದೇ ಕಡಿಮೆಯಾಗಿದ್ದರೆ ಟರ್ಬೊ ಮೇಲೆ ತಪ್ಪು ಹೊರಿಸಬೇಡಿ. ಬಿಸಿಗೋ ನಾಕ್‌ಗೋ ಹೆದರಿ ಇಸಿಯು ತಾನೇ ಹಿಂದೆ ಸರಿದಿರುತ್ತದೆ. ಕೇಳಿದ್ದು ಹೆಚ್ಚು, ಡ್ಯೂಟಿಯೂ ಹೆಚ್ಚು, ಬಂದದ್ದು ಮಾತ್ರ ಕಡಿಮೆ ಅಂದರೆ ಮೊದಲು ಸೋರಿಕೆ ಹುಡುಕಿ. ಪಿ0299 ಕೋಡ್ ಹೇಳುವುದು ಬೂಸ್ಟ್ ಸಾಲದು ಅಂತ ಅಷ್ಟೇ. ಟರ್ಬೊ ಹೋಯಿತು ಅಂತಲ್ಲ. ಬಂಪರ್ ಕಳಚಿ ಇಂಟರ್‌ಕೂಲರ್ ಪೈಪಿನ ಕೀಲುಗಳನ್ನು ನೋಡಿ. ಗಾಳಿ ನುಸುಳುವ ಕಡೆ ಎಣ್ಣೆಯ ಪಸೆ ಕೂತು, ಅದಕ್ಕೆ ನಮ್ಮ ರಸ್ತೆಯ ಕೆಂಪು ಧೂಳು ಮೆತ್ತಿಕೊಂಡಿರುತ್ತದೆ. ಎಷ್ಟೋ ಸಲ ಒಂದು ಕ್ಲಾಂಪ್ ಬಿಗಿ ಮಾಡಿದರೆ ಕೆಲಸ ಮುಗಿಯುತ್ತದೆ.

3. ಫ್ಯುಯೆಲ್ ಟ್ರಿಮ್ ಅನ್ನು ಎರಡು ಸ್ಥಿತಿಯಲ್ಲಿ ಓದಿ. ಐಡಲ್‌ನಲ್ಲಿ +14, ಒಂದೇ ವೇಗದಲ್ಲಿ ಓಡುವಾಗ +3 ಇದ್ದರೆ ಥ್ರಾಟಲ್ ದಾಟಿದ ಮೇಲೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ. ಐಡಲ್ ಸರಿಯಿದ್ದು ಲೋಡ್ ಹೆಚ್ಚಿದಂತೆ ಪ್ಲಸ್ ಏರಿದರೆ ಪಂಪ್, ಇಂಜೆಕ್ಟರ್ ಕಡೆ ನೋಡಿ. ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗೆ ದಪ್ಪ ಇನ್‌ಟೇಕ್ ಪೈಪ್ ಹಾಕಿಸಿದ್ದರೆ ಸೆನ್ಸರ್ ಗಾಳಿಯನ್ನು ಕಡಿಮೆ ಎಣಿಸಿ, ಟ್ರಿಮ್ ಎಲ್ಲ ಕಡೆಯೂ ಪ್ಲಸ್ ಆಗಬಹುದು. ಆಗ ಬದಲಿಸಬೇಕಾದದ್ದು ಕ್ಯಾಲಿಬ್ರೇಷನ್, ಸೆನ್ಸರ್ ಅಲ್ಲ.

ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಇನ್ನೊಂದು ಗೊಂದಲ ಶುರುವಾಗಿದೆ. ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನದ ಸರಿ ಅನುಪಾತ 14.7, ಇ20ಗೆ ಸುಮಾರು 13.5. ಹಳೆಯ ಗಾಡಿಯ ಟ್ರಿಮ್ ಶೇಕಡಾ ನಾಲ್ಕೈದು ಪ್ಲಸ್‌ಗೆ ಸರಿದರೆ ಗಾಬರಿ ಬೇಡ. ಅನುಪಾತ ಬಿಟ್ಟು ಲ್ಯಾಮ್ಡಾ ಓದುವುದು ರೂಢಿಯಾಗಲಿ; ಇಂಧನ ಯಾವುದಾದರೂ ಸರಿ ಮಿಶ್ರಣ ಅಂದರೆ 1.

4. ನಾಕ್ ಯಾವ ಸಿಲಿಂಡರಿನದು? ಎಲ್ಲ ಸಿಲಿಂಡರುಗಳಲ್ಲೂ ಟೈಮಿಂಗ್ ಒಟ್ಟಿಗೆ ಹಿಂದೆ ಸರಿದಿದ್ದರೆ ಇಂಧನ ಅಥವಾ ಬಿಸಿ ಕಾರಣ. ಹೆಚ್ಚು ಆಕ್ಟೇನಿಗೆ ಬರೆದ ಫೈಲ್ ಹಾಕಿಸಿಕೊಂಡು ಅದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲ್ ತುಂಬಿಸಿದರೆ ಹೀಗೇ ಆಗುವುದು. ಬಿಲ್ ಕೇಳಿ ನೋಡಿ. ಒಂದೇ ಸಿಲಿಂಡರ್ ಆದರೆ ಅದರ ಪ್ಲಗ್, ಇಂಜೆಕ್ಟರ್, ವಾಲ್ವ್ ಮೇಲಿನ ಕಾರ್ಬನ್ ಪರೀಕ್ಷಿಸಿ. ಹೊಸ ಡೌನ್‌ಪೈಪ್ ಬಾಡಿಗೆ ತಾಗಿ ಅದುರಿದರೂ ಸೆನ್ಸರ್ ಅದನ್ನು ನಾಕ್ ಎಂದೇ ಕೇಳಿಸಿಕೊಳ್ಳಬಹುದು.

ದೊಮ್ಮಸಂದ್ರದ ಟ್ರಾಫಿಕ್‌ನಲ್ಲಿ ನಿಂತಾಗ ಇನ್‌ಟೇಕ್ ತಾಪಮಾನ 60 ಡಿಗ್ರಿ ತೋರಿಸಿದರೆ ಅದನ್ನೇ ಹಿಡಿದು ಇಂಟರ್‌ಕೂಲರ್ ಬದಲಿಸಬೇಡಿ. ರಸ್ತೆ ಬಿಡುವಾಗಿ ಗಾಡಿ ಓಡತೊಡಗಿದ ಮೇಲೂ ಇಳಿಯದಿದ್ದರೆ ಯೋಚಿಸಿ.

5. ಪೂರ್ತಿ ಬೂಸ್ಟ್‌ನಲ್ಲಿ ಮಾತ್ರ ಮಿಸ್‌ಫೈರ್ ಎಣಿಕೆ ಏರುತ್ತಿದ್ದರೆ ಮೊದಲು ಪ್ಲಗ್ ಗ್ಯಾಪ್ ಅಳೆಯಿರಿ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ.

6. ಕೋಡ್ ಅಳಿಸುವ ಮುನ್ನ ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ತೊಂದರೆ ಆದ ಕ್ಷಣದ ಆರ್‌ಪಿಎಂ, ಲೋಡ್, ತಾಪಮಾನ ಅಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ.

7. ಅಗ್ಗದ ಬ್ಲೂಟೂತ್ ಡಾಂಗಲ್‌ನಲ್ಲಿ ಇಪ್ಪತ್ತು ಸಂಗತಿ ಆರಿಸಿದರೆ ಪ್ರತಿಯೊಂದೂ ತಡವಾಗಿ ಬರುತ್ತದೆ, ನಡುವಿನ ನಾಕ್ ತಪ್ಪಿಹೋಗುತ್ತದೆ. ನಾಲ್ಕೈದು ಸಾಕು. ಪೂರ್ತಿ ಥ್ರಾಟಲ್ ಲಾಗ್ ತೆಗೆಯುವುದು ಡೈನೋ ಮೇಲೆ ಮಾತ್ರ. ಅತ್ತಿಬೆಲೆ ರಸ್ತೆಯಲ್ಲಿ ಶಾಲೆ ಮಕ್ಕಳು, ಹಾಲಿನ ಗಾಡಿಗಳು ಓಡಾಡುತ್ತವೆ.

8. ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ತೆಗೆಸಿ, ಅದರ ಪಿ0420 ಕೋಡ್ ಬಾರದಂತೆ ಸಾಫ್ಟ್‌ವೇರಿನಲ್ಲಿ ಬಾಯಿ ಕಟ್ಟಿಸುವ ಕೆಲಸವನ್ನು ನಾನು ಮಾಡುವುದಿಲ್ಲ. ಆ ಹೊಗೆ ಕುಡಿಯುವವರು ನಮ್ಮ ಊರಿನವರೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಇಂಥ ಮಾರ್ಪಾಡಿಗೆ ಅಡ್ಡ ನಿಲ್ಲುತ್ತದೆ. ಮಾರ್ಪಡಿಸಿದ ಗಾಡಿಯನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಕೋಡ್ ಇಲ್ಲವೆಂದು ನಂಬಿ ಕೂರದೆ ರೆಡಿನೆಸ್ ಮಾನಿಟರ್ ಪಟ್ಟಿ ನೋಡಲಿ. ಅಲ್ಲಿ ಕ್ಯಾಟ್ ಪರೀಕ್ಷೆ ಪೂರ್ಣ ಎಂದಿದ್ದರೂ ಗಾಡಿಯನ್ನು ಲಿಫ್ಟ್ ಮೇಲೆ ಹತ್ತಿಸಿ, ಡೌನ್‌ಪೈಪಿನಲ್ಲಿ ಕ್ಯಾಟ್ ಇದೆಯೇ ಎಂದು ಕಣ್ಣಾರೆ ನೋಡಿಯೇ ಹಣ ಕೊಡಲಿ.